ಡಾಲರ್ ಚಿಹ್ನೆಯ ಬೆನ್ನ ಹಿಂದೆ

ಪ್ರೋಗ್ರಾಮರ್‌ಗಳ ನಡುವೆ ಬಹಳ ವರ್ಷಗಳಿಂದ ಓಡಾಡುತ್ತಿರುವ ಒಂದು ತಮಾಷೆ ಚಿತ್ರವಿದೆ. ಯಾರೋ ಪ್ರಶ್ನೆ ಹಾಕಿದ್ದಾರೆ: ಜಾವಾಸ್ಕ್ರಿಪ್ಟ್‌ನಲ್ಲಿ ಒಂದು ಸಂಖ್ಯೆಗೆ ಇನ್ನೊಂದು ಸಂಖ್ಯೆಯನ್ನು ಕೂಡಿಸುವುದು ಹೇಗೆ? ಕೆಳಗೆ ಉತ್ತರಗಳ ಸಾಲು. ಜೆಕ್ವೆರಿ ಬಳಸಿ ಎನ್ನುತ್ತದೆ ಒಂದು. ಲೆಕ್ಕಕ್ಕೆಂದೇ ಜೆಕ್ವೆರಿ ಪ್ಲಗಿನ್ ಇದೆ, ಅದನ್ನು ಹಾಕಿಕೊಳ್ಳಿ ಎನ್ನುತ್ತದೆ ಇನ್ನೊಂದು. ನಡುವೆ ಕೂಡಿಸುವ ಚಿಹ್ನೆ ಹಾಕಿದರೆ ಸಾಕಲ್ಲ ಎಂದ ಬಡಪಾಯಿಗೆ ಮೈನಸ್ ಅಂಕ.

ಈ ನಗೆಯಲ್ಲಿ ಒಂದು ತಲೆಮಾರಿನ ಕಲಿಕೆಯ ಕಥೆ ಅಡಗಿದೆ. 2008ರ ಆಚೀಚೆ ವೆಬ್ ಪುಟ ಕಟ್ಟಲು ಕೂತವರಲ್ಲಿ ಎಷ್ಟೋ ಮಂದಿ ಜಾವಾಸ್ಕ್ರಿಪ್ಟ್‌ಗಿಂತ ಮೊದಲು ಕಲಿತದ್ದು ಆ ಭಾಷೆಯಲ್ಲೇ ಬರೆದ ಜೆಕ್ವೆರಿ ಲೈಬ್ರರಿಯನ್ನು. ಎರಡು ಸಾಲು ನಕಲು ಮಾಡಿದರೆ ಪಟ್ಟಿ ಜಾರಿ ಇಳಿಯುತ್ತಿತ್ತು, ಚಿತ್ರ ಮೆಲ್ಲಗೆ ಮಾಯವಾಗುತ್ತಿತ್ತು. ಅಷ್ಟು ಸುಲಭವಾಗಿ ಸಿಕ್ಕಿದ್ದರಿಂದಲೇ ಒಂದು ಗೊಂದಲವೂ ಅಂಟಿಕೊಂಡಿತು: ಯಾವುದು ಭಾಷೆ, ಯಾವುದು ಲೈಬ್ರರಿ, ಯಾವುದು ಬ್ರೌಸರ್‌ನದೇ ಕೆಲಸ ಎಂಬ ಗೆರೆಗಳು ಅಳಿಸಿಹೋದವು. ಇಂಥ ಲೈಬ್ರರಿಗಳನ್ನು ಕಲಿಯುವವರು ಎಡವುವ ಜಾಗಗಳನ್ನು ಒಂದೊಂದಾಗಿ ನೋಡುತ್ತ ಹೋದರೆ, ಹೆಚ್ಚುಕಡಿಮೆ ಎಲ್ಲವೂ ಈ ಅಳಿಸಿದ ಗೆರೆಗಳ ಮೇಲೇ ಇವೆ.

ಮೊದಲಿಗೆ, ಕೆಲಸ ನಡೆಯುವುದು ಎಲ್ಲಿ? ಎಲ್ಲೋ ದೂರದ ಸರ್ವರ್ ಪುಟವನ್ನು ಕಳಿಸುತ್ತದೆ, ಅಲ್ಲಿಗೆ ಅದರ ಪಾಲು ಮುಗಿಯಿತು. ಆ ಮೇಲೆ ಗುಂಡಿ ಒತ್ತಿದಾಗ ಬಣ್ಣ ಬದಲಾಗುವುದು, ಅರ್ಜಿಯಲ್ಲಿ ಫೋನ್ ಸಂಖ್ಯೆಯ ಒಂದು ಅಂಕಿ ಬಿಟ್ಟುಹೋದರೆ ಅಲ್ಲೇ ಕೆಂಪು ಅಕ್ಷರದಲ್ಲಿ ಎಚ್ಚರಿಸುವುದು, ಇವೆಲ್ಲ ಓದುಗರ ಕೈಯಲ್ಲಿರುವ ಫೋನ್ ಅಥವಾ ಕಂಪ್ಯೂಟರಿನ ಬ್ರೌಸರ್ ಒಳಗೇ ಆಗುವ ಕೆಲಸ. ಬಂದ ಎಚ್‌ಟಿಎಂಎಲ್ ಬರಹವನ್ನು ಬ್ರೌಸರ್ ಓದಿ, ತನ್ನ ನೆನಪಿನಲ್ಲಿ ಒಂದು ಮರ ಕಟ್ಟಿಕೊಳ್ಳುತ್ತದೆ. ಪುಟ ಬುಡ, ಅದರೊಳಗಿನ ಪಟ್ಟಿ ಕೊಂಬೆ, ಪಟ್ಟಿಯ ಒಂದೊಂದು ಸಾಲೂ ಎಲೆ. ಬಲ್ಲವರು ಇದನ್ನು ಡಾಮ್ ಎನ್ನುತ್ತಾರೆ. ಪುಟಕ್ಕೆ ಜೀವ ಬರಿಸುವುದೆಂದರೆ ಈ ಮರದ ಎಲೆಗಳನ್ನು ಹುಡುಕುವುದು, ಅವುಗಳ ಮೇಲೆ ಯಾರಾದರೂ ಕೈಯಿಟ್ಟರೆ ತಿಳಿದುಕೊಳ್ಳುವುದು, ಬೇಕಾದಂತೆ ಬದಲಿಸುವುದು. ಇಷ್ಟೇ. ಇದರ ಮೇಲೆ ಎಷ್ಟು ಅಂತಸ್ತು ಕಟ್ಟಿದರೂ ತಳಪಾಯ ಈ ಮೂರು ಕ್ರಿಯೆಗಳೇ.

ಅಷ್ಟು ಸರಳವಾದದ್ದಕ್ಕೆ ಲೈಬ್ರರಿ ಏಕೆ ಬೇಕಾಯಿತು? ಅದು ಬ್ರೌಸರ್‌ಗಳ ಜಗಳದ ಫಲ. ನೆಟ್‌ಸ್ಕೇಪ್ ಕಂಪನಿಯಲ್ಲಿ ಬ್ರೆಂಡನ್ ಐಕ್ 1995ರ ಮೇ ತಿಂಗಳಲ್ಲಿ ಹತ್ತೇ ದಿನಗಳಲ್ಲಿ ಈ ಭಾಷೆಯ ಮೊದಲ ರೂಪವನ್ನು ಸಿದ್ಧಪಡಿಸಿದರು. ಮೋಕಾ ಎಂದು ಹುಟ್ಟಿ, ಲೈವ್‌ಸ್ಕ್ರಿಪ್ಟ್ ಎಂದು ಬೆಳೆದು, ಆ ವರ್ಷದ ಡಿಸೆಂಬರ್ ಹೊತ್ತಿಗೆ ಅದು ಜಾವಾಸ್ಕ್ರಿಪ್ಟ್ ಆಯಿತು. ಜಾವಾ ಭಾಷೆಗೂ ಇದಕ್ಕೂ ಇರುವ ನೆಂಟಸ್ತಿಕೆ ಹೆಚ್ಚಾಗಿ ಹೆಸರಿನದು. ಮೈಕ್ರೋಸಾಫ್ಟ್ ತನ್ನ ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ ಇಂಥದೇ ಒಂದನ್ನು ಮಾಡಿಕೊಂಡಿತು, ಆದರೆ ತನ್ನ ದಾರಿಯಲ್ಲಿ. ಗುಂಡಿ ಒತ್ತಿದ್ದನ್ನು ಆಲಿಸಲು ಫೈರ್‌ಫಾಕ್ಸ್‌ನಲ್ಲಿ ‘ಆಡ್ ಇವೆಂಟ್ ಲಿಸನರ್’ ಎನ್ನಬೇಕಿತ್ತು, ಎಕ್ಸ್‌ಪ್ಲೋರರ್‌ನಲ್ಲಿ ‘ಅಟ್ಯಾಚ್ ಇವೆಂಟ್’. ಒತ್ತಿದ್ದು ಯಾವುದನ್ನು ಎಂದು ಕೇಳಿದರೆ ಒಂದು ‘ಟಾರ್ಗೆಟ್’ ಎನ್ನುತ್ತಿತ್ತು, ಇನ್ನೊಂದು ‘ಸೋರ್ಸ್ ಎಲಿಮೆಂಟ್’ ಎನ್ನುತ್ತಿತ್ತು. ಒಂದೇ ಕೆಲಸಕ್ಕೆ ಎರಡು ಸಲ ಬರೆ, ಎರಡು ಕಡೆ ಪರೀಕ್ಷಿಸು, ಎರಡೂ ಕಡೆ ಬೈಸಿಕೊ. 2001ರಲ್ಲಿ ಬಂದ ಎಕ್ಸ್‌ಪ್ಲೋರರ್ 6 ವರ್ಷಾನುಗಟ್ಟಲೆ ಕದಲದೆ ಕೂತಿದ್ದರಿಂದ ಈ ಗೋಳು ಬೇಗ ತೀರಲೂ ಇಲ್ಲ.

ಇಷ್ಟರಲ್ಲಿ 2004ರ ಏಪ್ರಿಲ್‌ನಲ್ಲಿ ಜಿಮೇಲ್, 2005ರ ಫೆಬ್ರುವರಿಯಲ್ಲಿ ಗೂಗಲ್ ಮ್ಯಾಪ್ಸ್ ಬಂದವು. ಪುಟ ಮತ್ತೆ ತೆರೆಯದೆಯೇ ಹೊಸ ಪತ್ರ ಕಾಣಿಸಿತು, ನಕಾಶೆಯನ್ನು ಬೆರಳಲ್ಲಿ ಹಿಡಿದಂತೆ ಎಳೆಯಬಹುದಾಯಿತು. ಅದೇ ಫೆಬ್ರುವರಿಯಲ್ಲಿ ಜೆಸ್ಸಿ ಜೇಮ್ಸ್ ಗ್ಯಾರೆಟ್ ಈ ಬಗೆಯ ಕೆಲಸಕ್ಕೆ ಅಜಾಕ್ಸ್ ಎಂದು ಹೆಸರಿಟ್ಟರು. ಹೆಸರು ಸಿಕ್ಕಮೇಲೆ ಎಲ್ಲರಿಗೂ ಅದು ಬೇಕು ಅನಿಸಿತು.

ನ್ಯೂಯಾರ್ಕಿನ ಬಾರ್‌ಕ್ಯಾಂಪ್ ಕೂಟದಲ್ಲಿ 2006ರ ಜನವರಿ 14ರಂದು ಜಾನ್ ರೆಸಿಗ್ ಜೆಕ್ವೆರಿಯನ್ನು ಜನರ ಮುಂದಿಟ್ಟಾಗ ಅವರಿಗೆ ವಯಸ್ಸು 21. ಮೊದಲ ಪೂರ್ಣ ಆವೃತ್ತಿ ಆಗಸ್ಟ್‌ನಲ್ಲಿ ಹೊರಬಂತು. ಆ ಕಣದಲ್ಲಿ ಅವರೊಬ್ಬರೇ ಇರಲಿಲ್ಲ. ಪ್ರೋಟೋಟೈಪ್, ಡೋಜೋ, ಮೂಟೂಲ್ಸ್, ಯಾಹೂ ಕಂಪನಿಯ ವೈಯುಐ ಎಲ್ಲ ಆ ಒಂದೆರಡು ವರ್ಷಗಳ ಕೂಸುಗಳೇ. ರೆಸಿಗ್ ಗೆದ್ದದ್ದು ಒಂದು ಸಣ್ಣ ಜಾಣತನದಿಂದ. ಪುಟದ ವಿನ್ಯಾಸ ಮಾಡುವವರಿಗೆ ಸಿಎಸ್‌ಎಸ್ ಗೊತ್ತಿತ್ತು. ‘ಈ ಪಟ್ಟಿಯೊಳಗಿನ ಎಲ್ಲ ಸಾಲುಗಳು’, ‘ಈ ಹೆಸರಿನ ಪೆಟ್ಟಿಗೆ’ ಎಂದು ಬೆರಳು ತೋರಿಸುವ ಬರವಣಿಗೆ ಅವರಿಗೆ ಬಣ್ಣ ಬಳಿಯಲು ದಿನವೂ ಬೇಕಾಗುತ್ತಿತ್ತು. ಅದೇ ಬರವಣಿಗೆಯಿಂದಲೇ ಮರದ ಎಲೆಯನ್ನೂ ಹುಡುಕುವಂತಾದರೆ? ಸೈಮನ್ ವಿಲ್ಲಿಸನ್, ಡೀನ್ ಎಡ್ವರ್ಡ್ಸ್ ಮೊದಲಾದವರು ಈ ದಿಕ್ಕಿನಲ್ಲಿ ಆಗಲೇ ಪ್ರಯೋಗ ಮಾಡಿದ್ದರು. ರೆಸಿಗ್ ಅದನ್ನು ಲೈಬ್ರರಿಯ ಹೆಬ್ಬಾಗಿಲನ್ನಾಗಿ ಮಾಡಿದರು. ಹೊಸದಾಗಿ ಕಲಿಯಬೇಕಾದ್ದನ್ನು ಈಗಾಗಲೇ ಗೊತ್ತಿರುವುದಕ್ಕೆ ಗಂಟುಹಾಕಿದ ಈ ಉಪಾಯ ಪಾಠ ಹೇಳುವವರೆಲ್ಲ ಗಮನಿಸಬೇಕಾದದ್ದು.

ಆ ಬಾಗಿಲಿನ ಮೇಲಿನ ಗುರುತೇ ಡಾಲರ್ ಚಿಹ್ನೆ. ಹೊಸಬರನ್ನು ಹೆದರಿಸುವುದೂ ಇದೇ. ಅದರಲ್ಲಿ ಮಂತ್ರವೇನಿಲ್ಲ: ಜಾವಾಸ್ಕ್ರಿಪ್ಟ್‌ನಲ್ಲಿ ಹೆಸರುಗಳಿಗೆ ಡಾಲರ್ ಚಿಹ್ನೆಯನ್ನೂ ಬಳಸಬಹುದು, ಹಾಗಾಗಿ ಜೆಕ್ವೆರಿ ಎಂಬ ಫಂಕ್ಷನ್‌ಗೆ ಅದು ಮನೆಯಲ್ಲಿ ಕರೆಯುವ ಹೆಸರು, ಅಷ್ಟೆ. ಡಾಲರ್ ಎಂದು ಕರೆದು ಯಾರು ಬೇಕೆಂದು ಹೇಳಿದರೆ ಅದು ಸಿಕ್ಕವರನ್ನೆಲ್ಲ ಒಂದು ಗುಂಪು ಮಾಡಿ ತಂದು ನಿಲ್ಲಿಸುತ್ತದೆ. ಗುಂಪಿಗೆ ಒಂದು ಆಜ್ಞೆ ಕೊಟ್ಟರೆ ಎಲ್ಲರೂ ಪಾಲಿಸುತ್ತಾರೆ. ಪಾಲಿಸಿದ ಮೇಲೆ ಅದೇ ಗುಂಪು ವಾಪಸ್ ಬಂದು ನಿಲ್ಲುವುದರಿಂದ ಇನ್ನೊಂದು ಆಜ್ಞೆಯನ್ನು ಅದರ ಬೆನ್ನಿಗೇ ಪೋಣಿಸಬಹುದು. ಹುಡುಕು, ಬಣ್ಣ ಬದಲಿಸು, ಮೆಲ್ಲಗೆ ಮರೆಯಾಗಿಸು: ಮೂರೂ ಒಂದೇ ಉಸಿರಿನಲ್ಲಿ. ಕಡಿಮೆ ಬರೆಯಿರಿ, ಹೆಚ್ಚು ಮಾಡಿ ಎಂಬ ಜೆಕ್ವೆರಿಯ ಘೋಷವಾಕ್ಯದಲ್ಲಿ ಉತ್ಪ್ರೇಕ್ಷೆ ಇರಲಿಲ್ಲ.

ಕಲಿಯಲು ಕೂತವರಿಗೆ ಒಳ್ಳೆಯ ಅಭ್ಯಾಸ ಒಂದಿದೆ. ಅರ್ಜಿಗಳಲ್ಲಿ ಎಲ್ಲರೂ ಕಂಡಿರುವ ಜೋಡಿ ಪಟ್ಟಿ: ಮೊದಲನೆಯದರಲ್ಲಿ ಕರ್ನಾಟಕದ 31 ಜಿಲ್ಲೆಗಳು, ಎರಡನೆಯದರಲ್ಲಿ ಆರಿಸಿದ ಜಿಲ್ಲೆಯ ತಾಲ್ಲೂಕುಗಳು. ಕೊಡಗು ಎಂದರೆ ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಮೊದಲಾದವು ಬರಬೇಕು. ಉತ್ತರ ಕನ್ನಡ ಎಂದರೆ ಅವು ಹೋಗಿ ಶಿರಸಿ, ಕುಮಟಾ, ಭಟ್ಕಳ, ಹಳಿಯಾಳ ಮುಂತಾದವು ಬರಬೇಕು. ನೋಡಲು ಪುಟ್ಟ ಕೆಲಸ. ಆದರೆ ಹುಡುಕುವುದು, ಆಲಿಸುವುದು, ಬದಲಿಸುವುದು ಮೂರೂ ಇದರೊಳಗಿವೆ, ಮತ್ತು ಕಲಿಯುವವರು ಬೀಳಬಹುದಾದ ಗುಂಡಿಗಳೂ ಹೆಚ್ಚುಕಡಿಮೆ ಎಲ್ಲ ಇವೆ.

ಮೊದಲ ಗುಂಡಿ ಮೌನದ್ದು. ಹೊಸಬರು ಎಲ್ಲವನ್ನೂ ಸರಿಯಾಗಿ ಬರೆದಿರುತ್ತಾರೆ, ಜಿಲ್ಲೆ ಬದಲಿಸಿದರೆ ಏನೂ ಆಗುವುದಿಲ್ಲ. ದೋಷದ ಸಂದೇಶವೂ ಇಲ್ಲ. ಬ್ರೌಸರ್ ಪುಟವನ್ನು ಮೇಲಿನಿಂದ ಕೆಳಕ್ಕೆ ಓದುತ್ತದೆ. ಸ್ಕ್ರಿಪ್ಟ್ ಮೇಲಿದ್ದರೆ ಅದು ಓಡುವ ಹೊತ್ತಿಗೆ ಕೆಳಗಿನ ಪಟ್ಟಿ ಇನ್ನೂ ಹುಟ್ಟಿಯೇ ಇರುವುದಿಲ್ಲ. ಜೆಕ್ವೆರಿ ಹುಡುಕಿತು, ಯಾರೂ ಸಿಗಲಿಲ್ಲ, ಖಾಲಿ ಗುಂಪನ್ನು ತಂದು ನಿಲ್ಲಿಸಿತು. ಖಾಲಿ ಗುಂಪಿಗೆ ಆಜ್ಞೆ ಕೊಟ್ಟರೆ ಪಾಲಿಸುವವರು ಯಾರೂ ಇಲ್ಲ, ದೂರುವವರೂ ಇಲ್ಲ. ಇದೇ ತಪ್ಪನ್ನು ಬರೀ ಜಾವಾಸ್ಕ್ರಿಪ್ಟ್‌ನಲ್ಲಿ ಮಾಡಿದ್ದರೆ ಕನ್ಸೋಲ್‌ನಲ್ಲಿ ಕೆಂಪು ಸಾಲು ಬಂದು ಕೂಗುತ್ತಿತ್ತು. ಜೆಕ್ವೆರಿಯ ಈ ಸೌಜನ್ಯ ಅನುಭವಿಗಳಿಗೆ ವರ, ಕಲಿಯುವವರಿಗೆ ಗಂಟೆಗಟ್ಟಲೆಯ ತಲೆನೋವು. ಪುಟ ಸಿದ್ಧವಾದ ಮೇಲೆ ಶುರುಮಾಡು ಎನ್ನುವ ‘ರೆಡಿ’ ಎಂಬ ಆಜ್ಞೆ ಇರುವುದು ಇದಕ್ಕಾಗಿಯೇ. ಅನುಮಾನ ಬಂದಾಗಲೆಲ್ಲ ಗುಂಪಿನಲ್ಲಿ ಎಷ್ಟು ಮಂದಿ ಇದ್ದಾರೆಂದು ಎಣಿಸಿ ನೋಡುವ ಅಭ್ಯಾಸ ಇನ್ನೂ ಒಳ್ಳೆಯದು.

ಎರಡನೆಯದು ಕಾಯುವ ವಿಷಯ. ತಾಲ್ಲೂಕುಗಳ ಹೆಸರನ್ನು ಸರ್ವರ್‌ನಿಂದ ಅಜಾಕ್ಸ್ ಮೂಲಕ ತರಿಸುವ ಸಾಲು ಬರೆದು, ಅದರ ಕೆಳಗಿನ ಸಾಲಿನಲ್ಲೇ ಆ ಹೆಸರುಗಳನ್ನು ಬಳಸಹೋಗುತ್ತಾರೆ. ಪಟ್ಟಿ ಖಾಲಿ. ಬೆಂಗಳೂರಿನ ದರ್ಶಿನಿಯಲ್ಲಿ ಚೀಟಿ ಕೊಟ್ಟ ಕ್ಷಣಕ್ಕೇ ತಟ್ಟೆಯಲ್ಲಿ ದೋಸೆ ಇರುವುದಿಲ್ಲ. ಅತ್ತ ಕಾವಲಿಯ ಮೇಲೆ ಅದು ಬೇಯುತ್ತಿರುವಾಗ ಇತ್ತ ಬೇರೆಯವರ ಚೀಟಿ ತೆಗೆದುಕೊಳ್ಳುತ್ತಲೇ ಇರುತ್ತಾರೆ. ದೋಸೆ ಬಂದಾಗ ಏನು ಮಾಡಬೇಕೆಂಬುದನ್ನು ಬೇರೆಯಾಗಿ, ಮುಂಚೆಯೇ ಹೇಳಿಟ್ಟಿರಬೇಕು. ಇದು ಜೆಕ್ವೆರಿ ಕಂಡುಹಿಡಿದ ನಿಯಮವಲ್ಲ, ಬ್ರೌಸರ್‌ನ ಸ್ವಭಾವ. ಮುಂದೆ ಬೇರೆ ಯಾವ ಲೈಬ್ರರಿಗೆ ಹೋದರೂ ಜೊತೆಗೇ ಬರುತ್ತದೆ.

ಮೂರನೆಯದು ಇನ್ನೂ ಸ್ವಾರಸ್ಯದ್ದು. ತಾಲ್ಲೂಕುಗಳನ್ನು ಆಯ್ಕೆಪಟ್ಟಿಯ ಬದಲು ಸಾಲುಸಾಲಾಗಿ ಬರೆದು, ಯಾವುದರ ಮೇಲೆ ಒತ್ತಿದರೂ ವಿವರ ತೆರೆಯುವಂತೆ ಮಾಡಿದರು ಎನ್ನೋಣ. ಮೊದಲಿನಿಂದ ಇದ್ದ ಸಾಲುಗಳು ಸ್ಪಂದಿಸುತ್ತವೆ, ಆಮೇಲೆ ಬಂದವು ಕಿವುಡಾಗಿ ಕೂರುತ್ತವೆ. ಆಲಿಸು ಎಂದು ಹೇಳಿದ ಹೊತ್ತಿನಲ್ಲಿ ಅವು ಇರಲೇ ಇಲ್ಲವಲ್ಲ! ಬ್ರೌಸರ್‌ನಲ್ಲಿ ಒಂದು ಎಲೆಯನ್ನು ಮುಟ್ಟಿದರೆ ಆ ಸುದ್ದಿ ಎಲೆಯಲ್ಲೇ ನಿಲ್ಲುವುದಿಲ್ಲ, ಕೊಂಬೆ ಹಿಡಿದು ಬುಡದವರೆಗೂ ಏರಿ ಬರುತ್ತದೆ. ಹಾಗಿರುವಾಗ ಮನೆಮನೆಗೂ ಒಬ್ಬ ಕಾವಲುಗಾರ ಏಕೆ, ಬೀದಿಯ ತುದಿಯಲ್ಲಿ ಒಬ್ಬನಿದ್ದರೆ ಸಾಕು. ನಾಳೆ ಕಟ್ಟುವ ಮನೆಯ ಸುದ್ದಿಯೂ ಅವನನ್ನು ದಾಟಿಯೇ ಹೋಗಬೇಕು. ಜೆಕ್ವೆರಿ ಇದಕ್ಕೆ ಮೊದಲು ‘ಲೈವ್’ ಎಂಬ ಆಜ್ಞೆ ಕೊಟ್ಟಿತ್ತು, 2011ರ ನವೆಂಬರ್‌ನಲ್ಲಿ ಬಂದ 1.7ರಲ್ಲಿ ‘ಆನ್’ ಎಂಬ ಒಂದೇ ಆಜ್ಞೆಗೆ ಎಲ್ಲವನ್ನೂ ತಂದಿತು, 1.9ರಲ್ಲಿ ಹಳೆಯದನ್ನು ತೆಗೆದೇಹಾಕಿತು. ಹಳೆಯ ಪಾಠಗಳನ್ನು ನಕಲು ಮಾಡುವವರು ಈಗಲೂ ‘ಲೈವ್’ ಬರೆದು ಪೆಟ್ಟು ತಿನ್ನುತ್ತಾರೆ.

ಸುರಕ್ಷತೆಯ ಮಾತು ಚಿಕ್ಕದು, ಆದರೆ ಬಿಡುವಂತಿಲ್ಲ. ಪುಟದೊಳಗೆ ಏನನ್ನಾದರೂ ಬರೆಯಲು ‘ಟೆಕ್ಸ್ಟ್’, ‘ಎಚ್‌ಟಿಎಂಎಲ್’ ಎಂಬ ಎರಡು ಆಜ್ಞೆಗಳಿವೆ. ಮೊದಲನೆಯದು ಕೊಟ್ಟದ್ದನ್ನು ಬರೀ ಅಕ್ಷರವೆಂದು ತಿಳಿಯುತ್ತದೆ. ಎರಡನೆಯದು ಅದರೊಳಗೆ ಅಡಗಿರುವ ಆದೇಶಗಳಿಗೂ ಜೀವ ಕೊಡುತ್ತದೆ. ಅಪರಿಚಿತರು ತುಂಬಿದ ಮಾತನ್ನು ಎರಡನೆಯದರಿಂದ ಪುಟಕ್ಕೆ ಸುರಿದರೆ, ಕಳ್ಳನ ಕೈಗೆ ಕೀಲಿ ಕೊಟ್ಟಂತೆ. ಈ ಬಗೆಯ ಬಿರುಕೊಂದನ್ನು ಮುಚ್ಚಲೆಂದೇ 2020ರ ಏಪ್ರಿಲ್‌ನಲ್ಲಿ ಜೆಕ್ವೆರಿ 3.5 ಬಂತು.

ಕನ್ನಡದಲ್ಲಿ ಪುಟ ಕಟ್ಟುವವರಿಗೆ ಇದರ ಜೊತೆ ಇನ್ನೊಂದು ಬಲೆ ಕಾದಿದೆ, ಅದನ್ನು ಇಂಗ್ಲಿಷ್ ಪಾಠಗಳು ಹೇಳಿಕೊಡುವುದಿಲ್ಲ. ಹೆಸರಿನ ಜಾಗದಲ್ಲಿ ಹತ್ತು ಅಕ್ಷರಕ್ಕಿಂತ ಹೆಚ್ಚು ಬರೆಯಬಾರದೆಂದು ನಿಯಮ ಹಾಕಿದರು ಎನ್ನೋಣ. ಕೃಷ್ಣಮೂರ್ತಿ ಎಂದು ಬರೆದರೆ ಪುಟ ಒಪ್ಪುವುದಿಲ್ಲ. ಕನ್ನಡ ಕಲಿತ ಮಗು ಅದನ್ನು ಎಣಿಸಿದರೆ ಕೃ, ಷ್ಣ, ಮೂ, ರ್ತಿ ಎಂದು ನಾಲ್ಕೇ ಅಕ್ಷರ. ಜಾವಾಸ್ಕ್ರಿಪ್ಟ್‌ನ ಲೆಕ್ಕದಲ್ಲಿ ಹನ್ನೊಂದು! ಅದು ಎಣಿಸುವುದು ಯುನಿಕೋಡ್‌ನ ಸಂಕೇತಗಳನ್ನು: ಕ, ಅದರ ವಟ್ರಸುಳಿ, ಷ, ಒತ್ತಕ್ಷರ ಕೂಡಿಸುವ ಹಲಂತ, ಣ, ಹೀಗೆ. ಸ್ತ್ರೀ ಎಂಬ ಒಂದೇ ಅಕ್ಷರ ಅದಕ್ಕೆ ಆರು. ಹೆಸರಿನಲ್ಲಿ ಎ ಇಂದ ಝಡ್‌ವರೆಗಿನವು ಮಾತ್ರ ಇರಲಿ ಎಂದು ಯಾರೋ ಬರೆದ ತಪಾಸಣೆಯ ಸಾಲನ್ನು ಎತ್ತಿ ಹಾಕಿಕೊಂಡರಂತೂ ಕನ್ನಡದ ಯಾವ ಹೆಸರೂ ಹೆಸರೇ ಅಲ್ಲ. ಇಲ್ಲಿ ತಪ್ಪು ಲೈಬ್ರರಿಯದೂ ಅಲ್ಲ, ಬ್ರೌಸರ್‌ನದೂ ಅಲ್ಲ. ಭಾಷೆ ಎಣಿಸುವ ರೀತಿಯನ್ನು ತಿಳಿಯದೆ ನಕಲು ಮಾಡಿದವರದು.

ಅದೇ ಜೆಕ್ವೆರಿ ಕನ್ನಡಕ್ಕೆ ಮಾಡಿದ ಉಪಕಾರವನ್ನೂ ಹೇಳಬೇಕು. ವಿಕಿಮೀಡಿಯಾದ ತಂತ್ರಜ್ಞರು ಜೆಕ್ವೆರಿ ಐಎಂಇ ಎಂಬ ಒಂದು ಲೈಬ್ರರಿಯನ್ನು ಕಟ್ಟಿದ್ದಾರೆ. ಕಂಪ್ಯೂಟರಿನಲ್ಲಿ ಕನ್ನಡದ ಯಾವ ತಂತ್ರಾಂಶವೂ ಇಲ್ಲದಿದ್ದರೂ ಕನ್ನಡ ವಿಕಿಪೀಡಿಯದ ಪುಟದಲ್ಲಿ ನೇರವಾಗಿ ಕನ್ನಡ ಬರೆಯಲು ಸಾಧ್ಯವಾಗಿರುವುದು ಇದರಿಂದ. ಲಿಪ್ಯಂತರಣ, ಇನ್‌ಸ್ಕ್ರಿಪ್ಟ್, ಕನ್ನಡ ಗಣಕ ಪರಿಷತ್ತಿನ ಕೀಲಿಮಣೆ ವಿನ್ಯಾಸ, ಯಾವುದು ರೂಢಿಯೋ ಅದನ್ನು ಆರಿಸಿಕೊಳ್ಳಬಹುದು.

ಅದರ ಕೆಲಸವನ್ನು ಬಿಡಿಸಿ ನೋಡಿದರೆ ಮತ್ತೆ ಆ ಮೂರೇ ಕ್ರಿಯೆಗಳು. ಬರೆಯುವ ಪೆಟ್ಟಿಗೆಯನ್ನು ಹುಡುಕು, ಕೀಲಿ ಒತ್ತುವುದನ್ನು ಆಲಿಸು, ಒತ್ತಿದ್ದನ್ನು ಬದಲಿಸು. ಲಿಪ್ಯಂತರಣದಲ್ಲಿ ಕೆ ಕೀಲಿ ಒತ್ತಿದರೆ ಅದು ಇಂಗ್ಲಿಷ್ ಅಕ್ಷರವನ್ನು ತಡೆದು ‘ಕ್’ ಎಂದು ಬರೆಯುತ್ತದೆ. ಹಿಂದೆಯೇ ಎಚ್ ಒತ್ತಿದರೆ ಕರ್ಸರ್ ಹಿಂದೆ ಏನಿದೆ ಎಂದು ಇಣುಕಿ, ‘ಕ್’ ಇರುವುದನ್ನು ಕಂಡು, ಅದನ್ನು ‘ಖ್’ ಮಾಡುತ್ತದೆ. ಎ ಒತ್ತಿದರೆ ಹಲಂತ ಬಿದ್ದುಹೋಗಿ ‘ಖ’ ಉಳಿಯುತ್ತದೆ. ಒಳಗಿರುವುದು ಹಿಂದೆ ಇದು ಇದ್ದು ಈಗ ಇದು ಬಂದರೆ ಅದನ್ನು ಬರೆ ಎಂಬ ನಿಯಮಗಳ ಒಂದು ಪಟ್ಟಿ. ವ್ಯಾಕರಣದ ಪುಸ್ತಕದಲ್ಲಿ ಆದೇಶ ಸಂಧಿ ಓದಿದವರಿಗೆ ಈ ಪಟ್ಟಿ ಅಪರಿಚಿತ ಅನಿಸಲಾರದು. ಇದರ ಮೂಲ ಬರಹ ಎಲ್ಲರಿಗೂ ತೆರೆದಿದೆ. ಕನ್ನಡದ ವಿದ್ಯಾರ್ಥಿಗೆ ಜೆಕ್ವೆರಿಯ ಮೇಲೆ ಇದಕ್ಕಿಂತ ಒಳ್ಳೆಯ ಪಾಠಪುಸ್ತಕ ಸಿಗುವುದು ಕಷ್ಟ.

ಇಷ್ಟೆಲ್ಲ ಇದ್ದೂ ಜೆಕ್ವೆರಿಯ ಕಾಲ ಮುಗಿಯಿತೆಂದು ಹೇಳುವವರು ಬಹಳ. ಅವರ ಮಾತಿನಲ್ಲಿ ಹುರುಳಿದೆ. ಜೆಕ್ವೆರಿ ಕೊಟ್ಟ ಸುಖವನ್ನು ಬ್ರೌಸರ್‌ಗಳೇ ಒಂದೊಂದಾಗಿ ತಮ್ಮದಾಗಿಸಿಕೊಂಡವು. ಸಿಎಸ್‌ಎಸ್ ಬರವಣಿಗೆಯಲ್ಲೇ ಹುಡುಕುವ ‘ಕ್ವೆರಿ ಸೆಲೆಕ್ಟರ್’ ಇವತ್ತು ಎಲ್ಲ ಬ್ರೌಸರ್‌ಗಳಲ್ಲೂ ಹುಟ್ಟಿನಿಂದಲೇ ಇದೆ, ಸರ್ವರ್‌ನಿಂದ ತರಿಸಲು ‘ಫೆಚ್’ ಇದೆ. 2013ರಲ್ಲಿ ಬಂದ ಜೆಕ್ವೆರಿ 2.0 ಹಳೆಯ ಎಕ್ಸ್‌ಪ್ಲೋರರ್ 6, 7, 8ಕ್ಕೆ ಬೆನ್ನು ತಿರುಗಿಸಿತು. 2022ರ ಜೂನ್ 15ರಂದು ಮೈಕ್ರೋಸಾಫ್ಟ್ ಆ ಬ್ರೌಸರ್‌ಗೇ ನಿವೃತ್ತಿ ಕೊಟ್ಟಿತು. ಯಾವ ಜಗಳ ಬಿಡಿಸಲು ಈ ಲೈಬ್ರರಿ ಹುಟ್ಟಿತೋ ಆ ಜಗಳವೇ ಉಳಿಯಲಿಲ್ಲ. ಗಿಟ್‌ಹಬ್ 2018ರಲ್ಲಿ ತನ್ನ ಪುಟಗಳಿಂದ ಅದನ್ನು ಪೂರ್ತಿ ತೆಗೆಯಿತು, 2021ರಲ್ಲಿ ಬಂದ ಬೂಟ್‌ಸ್ಟ್ರಾಪ್ 5 ಕೂಡ ಕೈಬಿಟ್ಟಿತು. ದೊಡ್ಡ ತಾಣ ಕಟ್ಟುವವರು ರಿಯಾಕ್ಟ್, ವ್ಯೂ ಮುಂತಾದವುಗಳ ಕಡೆಗೆ ಹೊರಳಿ ಎಷ್ಟೋ ಕಾಲವಾಯಿತು.

ಆದರೂ ಅದು ಹೋಗಿಲ್ಲ. ಜಾಲತಾಣಗಳ ತಂತ್ರಜ್ಞಾನವನ್ನು ಎಣಿಸುವ ಡಬ್ಲ್ಯೂ3ಟೆಕ್ಸ್ ಸಮೀಕ್ಷೆಯಲ್ಲಿ ಹತ್ತು ತಾಣಗಳಿಗೆ ಏಳರಷ್ಟು ಇನ್ನೂ ಜೆಕ್ವೆರಿ ಇಟ್ಟುಕೊಂಡಿವೆ. ವರ್ಡ್‌ಪ್ರೆಸ್ ಅದನ್ನು ತನ್ನೊಡನೆಯೇ ಕೊಡುತ್ತದೆ ಎಂಬುದು ಒಂದು ದೊಡ್ಡ ಕಾರಣ. 2020ರ ಆಗಸ್ಟ್‌ನಲ್ಲಿ ವರ್ಡ್‌ಪ್ರೆಸ್ 5.5 ಬಂದಾಗ ನಡೆದದ್ದು ಕೇಳುವಂತಿದೆ. ಹಳೆಯ ಜೆಕ್ವೆರಿ ಆಜ್ಞೆಗಳನ್ನು ಹೊಸತಕ್ಕೆ ಹೊಂದಿಸುವ ಮೈಗ್ರೇಟ್ ಎಂಬ ಊರುಗೋಲನ್ನು ಅದರಲ್ಲಿ ತೆಗೆದಿದ್ದರು. ತೆಗೆದದ್ದೇ ತಡ, ಹಳೆಯ ಥೀಮ್, ಪ್ಲಗಿನ್‌ಗಳನ್ನು ನಂಬಿದ್ದ ಎಷ್ಟೋ ತಾಣಗಳಲ್ಲಿ ಮೆನು ತೆರೆಯಲಿಲ್ಲ, ಚಿತ್ರಗಳು ಸರಿಯಲಿಲ್ಲ. ಕೊನೆಗೆ ಊರುಗೋಲನ್ನು ಮರಳಿ ಕೊಡಲು ಅವರೇ ಇನ್ನೊಂದು ಪ್ಲಗಿನ್ ಬಿಡಬೇಕಾಯಿತು. ಇಂಥ ತಾಣಗಳನ್ನು ದುರಸ್ತಿ ಮಾಡುವ ಕೆಲಸ ಇವತ್ತಿಗೂ ಇದೆ, ಆ ಕೆಲಸಕ್ಕೆ ಸಂಬಳವೂ ಇದೆ. ಜೆಕ್ವೆರಿಯ ತಂಡವೂ ಕೈಕಟ್ಟಿ ಕೂತಿಲ್ಲ: 4.0ರ ಬೀಟಾ 2024ರ ಫೆಬ್ರುವರಿಯಲ್ಲಿ ಹೊರಬಂತು.

ಹಾಗಾದರೆ ಇವತ್ತು ಶುರುಮಾಡುವವರು ಯಾವುದರಿಂದ ಶುರುಮಾಡಬೇಕು? ಈ ಜಗಳಕ್ಕೆ ಜೆಕ್ವೆರಿಯ ಅಧಿಕೃತ ಕಲಿಕಾ ತಾಣವೇ ತೀರ್ಪು ಕೊಟ್ಟಿದೆ. ಅಲ್ಲಿ ಜಾವಾಸ್ಕ್ರಿಪ್ಟ್ ಭಾಷೆಯ ಮೊದಲ ಪಾಠಗಳಿಗೇ ಒಂದು ಅಧ್ಯಾಯವಿದೆ: ಹೆಸರುಗಳು, ಲೆಕ್ಕದ ಚಿಹ್ನೆಗಳು, ಷರತ್ತುಗಳು, ಫಂಕ್ಷನ್. ಡಾಲರ್ ಚಿಹ್ನೆ ಅದರ ಬಳಿಕ ಬರಲಿ. ಜಿಲ್ಲೆ–ತಾಲ್ಲೂಕು ಪುಟವನ್ನು ಮೊದಲು ಲೈಬ್ರರಿಯಿಲ್ಲದೆ ಕಟ್ಟಿ, ಆಮೇಲೆ ಜೆಕ್ವೆರಿಯಲ್ಲಿ ಮತ್ತೊಮ್ಮೆ ಕಟ್ಟಿದರೆ ಎರಡು ದಿನ ಹೆಚ್ಚು ಹಿಡಿಯಬಹುದು. ಯಾವ ಸಾಲು ಯಾರದು ಎಂಬುದನ್ನು ಮಾತ್ರ ಆಮೇಲೆ ಯಾರನ್ನೂ ಕೇಳಬೇಕಾಗುವುದಿಲ್ಲ.

ಇವತ್ತೇ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಬಹುದು. ಕಂಪ್ಯೂಟರಿನಲ್ಲಿ ಕನ್ನಡ ವಿಕಿಪೀಡಿಯದ ಯಾವುದಾದರೂ ಪುಟ ತೆರೆದು, ಎಫ್12 ಕೀಲಿ ಒತ್ತಿ, ಕನ್ಸೋಲ್ ಎಂಬ ಭಾಗಕ್ಕೆ ಹೋಗಿ. ಅಲ್ಲಿ ಇಂಗ್ಲಿಷಿನಲ್ಲಿ ಜೆಕ್ವೆರಿ, ಒಂದು ಚುಕ್ಕೆ, ಎಫ್‌ಎನ್, ಇನ್ನೊಂದು ಚುಕ್ಕೆ, ಮತ್ತೆ ಜೆಕ್ವೆರಿ ಎಂದು ಬರೆಯಿರಿ. ಹೆಸರಿನಲ್ಲಿ ಮೊದಲ ಸಲ ಕ್ಯೂ ಅಕ್ಷರ ದೊಡ್ಡದಿರಲಿ, ಎರಡನೆಯ ಸಲ ಚಿಕ್ಕದಿರಲಿ. ಎಂಟರ್ ಒತ್ತಿದರೆ ಆ ಪುಟದಲ್ಲಿ ಓಡುತ್ತಿರುವ ಜೆಕ್ವೆರಿಯ ಆವೃತ್ತಿ ಸಂಖ್ಯೆ ಕಾಣಿಸುತ್ತದೆ.